ಸಮುದ್ರಕ್ಕೆ ಹಾಕಿಕೊಂಡು ಹೋಗುವ ಚಪ್ಪಲಿ

ನಾನು ಮನುಷ್ಯರ ಮುಖ ನೋಡುವುದು ಕಡಿಮೆ. ರಾಣೆಬೆನ್ನೂರಿನ ಪೇಟೆಯಲ್ಲಿ ಮೂವತ್ತೊಂದು ವರ್ಷದಿಂದ ಚಪ್ಪಲಿ ಅಂಗಡಿ ಇಟ್ಟುಕೊಂಡವನಿಗೆ ಮುಖದ ಅವಶ್ಯಕತೆ ಅಷ್ಟಾಗಿ ಬೀಳುವುದಿಲ್ಲ. ಗಿಡ್ಡ ಸ್ಟೂಲಿನ ಮೇಲೆ ಕೂತರೆ ಕಣ್ಣಿಗೆ ಬೀಳುವುದು ಮೊಣಕಾಲಿನಿಂದ ಕೆಳಗಿನ ಮನುಷ್ಯ. ಆ ಭಾಗದ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ವಯಸ್ಸಿನ ವಿಷಯದಲ್ಲಿ ಜನ ಒಂದಿಷ್ಟು ಸುಳ್ಳು ಹೇಳುತ್ತಾರೆ, ನಿಜ. ಆದರೆ ಪಾದದ ವಿಷಯದಲ್ಲಿ ಹೇಳುವ ಸುಳ್ಳಿಗೆ ಲಂಗು ಲಗಾಮಿಲ್ಲ. ಒಂಬತ್ತರ ಪಾದವನ್ನು ಮುಂದೆ ಚಾಚಿ "ಏಳು ನಂಬರ್ ಕೊಡ್ರಿ" ಅನ್ನುತ್ತಾರೆ. ಕೊಟ್ಟರೆ ಕಾಲು ತುರುಕಿ, ಮುಖ ಕೆಂಪಗೆ ಮಾಡಿಕೊಂಡು, "ಬರಾಬ್ಬರಿ ಆತು" ಅನ್ನುತ್ತಾರೆ. ಆಯ್ಕೆ ಮಾಡುವುದಾದರೂ ಹೇಗೆ? ಬಣ್ಣ ನೋಡಿ, ಪಕ್ಕದ ಮನೆಯವರು ತಂದದ್ದನ್ನು ನೋಡಿ, ಸೀರೆಯ ಅಂಚು ನೋಡಿ. ಹಾಕಿಕೊಂಡು ನಡೆಯಬೇಕಾದ ಆ ಬಡಪಾಯಿ ಕಾಲನ್ನು ಒಂದು ಮಾತು ಕೇಳಿದವರನ್ನು ನಾನು ಕಂಡಿಲ್ಲ.

ಇದನ್ನು ಮೊದಲೇ ಹೇಳಿದ್ದೇಕೆಂದರೆ, ಮುಂದೆ ನಾನು ಹೇಳುವ ಮೂರ್ಖತನಕ್ಕೆ ತಿಳಿವಳಿಕೆಯ ಕೊರತೆ ಕಾರಣ ಎಂದು ನೀವು ಭಾವಿಸಬಾರದು. ತಿಳಿವಳಿಕೆ ಬೇಕಾದಷ್ಟಿತ್ತು.

ನನ್ನ ಹೆಂಡತಿ ಗಿರಿಜೆಯ ತಮ್ಮ ಬಸವರಾಜ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಾನೆ. ಬ್ಯಾಡಗಿ ಮೆಣಸಿನಕಾಯಿಯ ಗುಣ ನಿಮಗೆ ಗೊತ್ತಿದೆ: ಬಣ್ಣ ಬಹಳ, ಖಾರ ಕಮ್ಮಿ. ಇಪ್ಪತ್ತು ವರ್ಷ ಅದೇ ರಾಶಿಯ ಮುಂದೆ ಕೂತು ಕೂತು ಬಸು ಕೂಡ ಅದರ ಹಾಗೇ ಆಗಿದ್ದಾನೆ ಎಂದು ನಾನು ಮನೆಯಲ್ಲಿ ಹೇಳುವುದುಂಟು, ಗಿರಿಜೆಗೆ ಕೇಳಿಸದಂತೆ. ಅಂಗಿಯಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಅವನು ಬಣ್ಣ ನೋಡಿಯೇ ಕೊಂಡವನು. ಒಂದು ದಿನ ಅವನು ಅಂಗಡಿಗೆ ಬಂದು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದ. ಅದರಲ್ಲಿ ಯಾರೋ ಒಬ್ಬ, ಕಾಲಿಗೆ ಬೀಸಣಿಗೆಯಂಥದ್ದನ್ನು ಕಟ್ಟಿಕೊಂಡು ನೀಲಿ ನೀರಿನಲ್ಲಿ ತೇಲುತ್ತಿದ್ದ.

"ಮಾವಾರ, ಇದಕ್ಕ ಸ್ಕೂಬಾ ಡೈವಿಂಗ್ ಅಂತಾರ. ಬೆನ್ನಿಗೆ ಗಾಳಿ ಸಿಲಿಂಡರ್ ಕಟಗೊಂಡು ಸಮುದ್ರದ ತಳಕ್ಕ ಹೋಗಿ ಮೀನಾ ನೋಡೂದು. ಮುರ್ಡೇಶ್ವರದಾಗ ಐತಿ. ನಾನು, ನನ್ನ ಹೆಂಡತಿ, ನೀವು, ಮೂರೂ ಮಂದಿ ಹೆಸರು ಬರಿಸೇನಿ."

"ಮೀನಾ ನೋಡಾಕ ಅಷ್ಟು ದೂರ ಯಾಕ ಹೋಗಬೇಕೋ? ಸಂತ್ಯಾಗ ಕುಂತಿರತಾವು."

"ಅವು ಸತ್ತಿರತಾವ್ರಿ ಮಾವಾರ."

ಅವನು ಗಂಭೀರನಾಗಿ ಮುಂದುವರಿಸಿದ. "ಎಲ್ಲಾ ಇರೂದು ಈ ಕಾಲಾಗಿನ ಫಿನ್ಸ್ ಮ್ಯಾಲ. ಫಿನ್ಸ್ ಸರಿ ಇಲ್ಲಂದ್ರ ನೀರಾಗ ಕಲ್ಲು ಆಗತೀವಿ. ನೀವು ಕಾಲಿನ ಡಾಕ್ಟರ್ ಇದ್ದಂಗ. ನೀವೇ ಆರಿಸಿ ಕೊಡ್ರಿ."

ಕಾಲಿನ ಡಾಕ್ಟರ್! ಮೂವತ್ತೊಂದು ವರ್ಷದಲ್ಲಿ ಯಾರೂ ಅಂದಿರಲಿಲ್ಲ. ಆ ಒಂದು ಮಾತಿಗೆ ನಾನು ಸಮುದ್ರಕ್ಕೆ ಬೀಳಲು ಒಪ್ಪಿದೆ.

ಒಂದು ವಾರ ನಾನು ಅಂಗಡಿಯಲ್ಲಿ ಕೂತು ಫಿನ್ಸಿನ ಪಾಂಡಿತ್ಯ ಸಂಪಾದಿಸಿದೆ. ಇದರಲ್ಲೂ ಜಾತಿ ಉಪಜಾತಿಗಳುಂಟು. ಹಿಮ್ಮಡಿಯನ್ನೂ ಸೇರಿಸಿ ಇಡೀ ಪಾದವನ್ನು ಮುಚ್ಚುವುದು ಒಂದು. ಇದನ್ನು ಬರಿಗಾಲಿಗೆ ಹಾಕುತ್ತಾರೆ. ಹಿಂದೆ ತೆರೆದಿದ್ದು, ಪಟ್ಟಿ ಎಳೆದು ಕಟ್ಟುವುದು ಇನ್ನೊಂದು. ಇದಕ್ಕೆ ಒಳಗೆ ರಬ್ಬರಿನ ಬೂಟು ಬೇಕು. ಮುಂದಿನ ಬೀಸಣಿಗೆಯಂಥ ಅಲಗು ಗಡುಸಾಗಿರಬಹುದು, ಮೆದುವಾಗಿರಬಹುದು. ಗಡುಸಾದದ್ದಕ್ಕೆ ತೊಡೆಯಲ್ಲಿ ಕಸುವಿರಬೇಕು. ಹೊಸಬರಿಗೆ ಮೆದುವೇ ಸರಿ. ಇನ್ನು ಮೊಳದುದ್ದ ಮೀರಿದ ಮಹಾ ಫಿನ್ಸುಗಳಿವೆ. ಅವು ಸಿಲಿಂಡರಿನ ಹಂಗಿಲ್ಲದೆ ಒಂದೇ ಉಸಿರಿನಲ್ಲಿ ಆಳಕ್ಕೆ ಹೋಗಿ ಬರುವ ಜಟ್ಟಿಗಳಿಗೆ. ಇಷ್ಟನ್ನು ತಿಳಿದುಕೊಳ್ಳಲು ನಾನು ನೋಡಿದ ವಿಡಿಯೋಗಳ ಪಂಡಿತರು ಒಬ್ಬರಿಗಿಂತ ಒಬ್ಬರು ವಿಚಿತ್ರ. ಸೋಫಾದ ಮೇಲೆ ಕೂತು ಫಿನ್ಸನ್ನು ಬಗ್ಗಿಸುತ್ತಾರೆ, ಬೆರಳಿನಿಂದ ಬಡಿಯುತ್ತಾರೆ, ತಬಲಾ ಕೊಳ್ಳಲು ಬಂದವರ ಹಾಗೆ ಕಿವಿಯಿಟ್ಟು ಕೇಳುತ್ತಾರೆ. ಕೆಲವರ ಮೈ ಮೇಲೆ ನೀರು ಬಿದ್ದದ್ದು ಸ್ನಾನದಲ್ಲಿ ಮಾತ್ರ ಎಂದು ನನ್ನ ಅನುಮಾನ. ಕೊನೆಗೆ ಎಲ್ಲರೂ ಹೇಳುವುದು ಒಂದೇ: "ನಿಮಗೆ ಹೊಂದುವುದನ್ನು ಆರಿಸಿಕೊಳ್ಳಿ." ಇದನ್ನು ಹೇಳಲು ಇಪ್ಪತ್ತು ನಿಮಿಷ.

ಅದೇ ವಾರ ಬಸುವಿನ ಗೋದಾಮಿನ ಗೋಡೆಯ ತಕರಾರಿಗೆ ಹಾವೇರಿ ಕೋರ್ಟಿನಲ್ಲಿ ತಾರೀಖಿತ್ತು. ನಾನೂ ಜೊತೆಗೆ ಹೋದೆ. ತಾರೀಖು ಎಂದಿನಂತೆ ಮುಂದೆ ಹೋಯಿತು. ಬಂದದ್ದು ವ್ಯರ್ಥವಾಗಬಾರದೆಂದು ಸ್ಟೇಷನ್ ರಸ್ತೆಯ ಆಟದ ಸಾಮಾನಿನ ಅಂಗಡಿಗೆ ಹೊಕ್ಕೆವು. ಅಂಗಡಿಯ ಇಮಾಮ್‌ಸಾಬರು ಎಪ್ಪತ್ತು ದಾಟಿದವರು. ಅವರಲ್ಲಿ ಈಜುಕೊಳದ ಮಕ್ಕಳಿಗೆಂದು ತರಿಸಿದ್ದ ಒಂದು ಗಿಡ್ಡ ಜೊತೆ ಇತ್ತು, ಅದರ ಮೇಲೆ ಧೂಳು. ನಾವು ಹುಡುಕುತ್ತಿರುವುದನ್ನು ಕೇಳಿ ಅವರು ಕನ್ನಡಕ ತೆಗೆದರು.

"ನಾ ಸಮುದ್ರ ಕಂಡಾವ ಅಲ್ರಿ. ಆದ್ರ ಕಾಲಿಗೆ ಹಾಕ್ಕೊಳ್ಳೂದು ಏನರ ಇರಲಿ, ಹಾಕ್ಕೊಂಡು ನೋಡದ ತಗೋಬ್ಯಾಡ್ರಿ. ನಮ್ಮ ಅಳಿಯಾ ಮುರ್ಡೇಶ್ವರಕ್ಕ ಹೋಗಿ ಬಂದಾನ. ಅಲ್ಲೇ ಕೊಡ್ತಾರಂತ, ಎಲ್ಲಾ ಸೈಜಿಂದೂ. ಖರೇ ಹೇಳತೇನಿ, ಸುಮ್ಮನ ಯಾಕ ಹೊತಗೊಂಡು ಹೋಗತೀರಿ?"

ಹೊರಗೆ ಬಂದ ಮೇಲೆ ನಾನು ನಕ್ಕೆ. "ಕ್ರಿಕೆಟ್ ಬ್ಯಾಟ್ ಮಾರೋ ಮನಷ್ಯಾ ನನಗ ಕಾಲಿನ ಪಾಠ ಹೇಳತಾನ ನೋಡು." ಬಸುವೂ ನಕ್ಕ. ಎಷ್ಟು ನಕ್ಕೆವೆಂದರೆ ಬಸ್ಸು ತಪ್ಪಿತು.

ಆಮೇಲೆ ಬಸು ಫೋನಿನಲ್ಲೇ ತರಿಸಿದ. ತನಗೆ ಬೇಕಾದ್ದನ್ನು ನನ್ನ ಸಲಹೆಗೆ ಕಾಯದೇ ಆರಿಸಿಬಿಟ್ಟಿದ್ದ: ಎಲ್ಲಕ್ಕಿಂತ ಉದ್ದದ್ದು, ಎಲ್ಲಕ್ಕಿಂತ ಕೆಂಪಾದದ್ದು. ಐದಡಿ ಮೂರಂಗುಲದ ಬಸು ಅದನ್ನು ನೆಟ್ಟಗೆ ನಿಲ್ಲಿಸಿದರೆ ಅವನ ಹೊಟ್ಟೆಯವರೆಗೆ ಬರುತ್ತಿತ್ತು. "ಇದು ಒಂದೇ ಉಸಿರಿನ ಜಟ್ಟಿಗಳದ್ದೋ, ಬಸು" ಎಂದೆ. "ಬಣ್ಣ ನೋಡ್ರಿ ಮಾವಾರ" ಎಂದ. "ಹತ್ತು ಮಾರು ಕೆಳಗ ಹೋದ್ರೂ ಕಾಣತೈತಿ."

ನನ್ನದನ್ನು ನಾನೇ ಆರಿಸಿದೆ. ಪಾದ ಪೂರ್ತಿ ಮುಚ್ಚುವ, ಗಡುಸು ಅಲಗಿನ, ಕರಿಯ ಫಿನ್ಸು. ನನ್ನ ಕಾಲು ಒಂಬತ್ತು, ಎಂಟು ತರಿಸಿದೆ. ರಬ್ಬರು ಹಿಗ್ಗುತ್ತದೆ, ನೀರಿನಲ್ಲಿ ಜಾರುತ್ತದೆ, ಆದ್ದರಿಂದ ಒಂದು ನಂಬರು ಕಡಿಮೆಯೇ ಇರಬೇಕು ಎಂಬುದು ನನ್ನ ಶಾಸ್ತ್ರ. ಈ ಶಾಸ್ತ್ರವನ್ನು ಯಾವ ವಿಡಿಯೋದ ಪಂಡಿತನೂ ಹೇಳಿರಲಿಲ್ಲ. ಅದಕ್ಕೇ ಅದರ ಮೇಲೆ ನನಗೆ ವಿಶ್ವಾಸ ಹೆಚ್ಚಾಯಿತು.

ಪೆಟ್ಟಿಗೆ ಬಂದ ದಿನ ಮಾಳಿಗೆಯ ಮೇಲೆ ಹೋಗಿ ಹಾಕಿಕೊಂಡೆ. ಫಿನ್ಸು ಹಾಕಿಕೊಂಡು ಮುಂದೆ ನಡೆಯಲು ಆಗುವುದಿಲ್ಲ, ಅಲಗು ಮಡಚಿ ಮುಗ್ಗರಿಸುತ್ತೇವೆ. ಹಿಂದೆ ಹಿಂದೆ ಹೆಜ್ಜೆ ಹಾಕಬೇಕು. ನಾನು ಹಾಗೆ ಹಿಂದಕ್ಕೆ ನಡೆಯುತ್ತ ನೀರಿನ ಟ್ಯಾಂಕಿಗೆ ಪ್ರದಕ್ಷಿಣೆ ಹಾಕುತ್ತಿದ್ದಾಗ ಪಕ್ಕದ ಮಾಳಿಗೆಯಲ್ಲಿ ಸಂಡಿಗೆ ಹಾಕುತ್ತಿದ್ದ ಶಾಂತಕ್ಕ ಕೈ ನಿಲ್ಲಿಸಿ ನೋಡಿದರು.

"ಅಲ್ರೀ ಅಣ್ಣಾರ, ಯಾರರ ಹರಕಿ ಹೊತ್ತಾರೇನ್ರಿ?"

"ಇಲ್ರೆವಾ, ವ್ಯಾಯಾಮ" ಎಂದೆ. ಹೆಬ್ಬೆರಳು ಒಳಗೆ ಮಡಚಿಕೊಂಡು ಕುಂಯ್ ಅನ್ನುತ್ತಿತ್ತು. "ಹಾಕ್ಕೋತ ಹಾಕ್ಕೋತ ಸಡಲ ಆಗತೈತಿ" ಎಂದು ಅದಕ್ಕೆ ಸಮಾಧಾನ ಹೇಳಿದೆ. ಈ ವಾಕ್ಯವನ್ನು ನಾನು ಸಾವಿರಾರು ಕಾಲುಗಳಿಗೆ ಹೇಳಿದ್ದೇನೆ. ಚರ್ಮದ ವಿಷಯದಲ್ಲಿ ಅದು ಅರ್ಧ ನಿಜ, ರೆಕ್ಸಿನ್ನಿನ ವಿಷಯದಲ್ಲಿ ಪೂರ್ತಿ ಸುಳ್ಳು. ನನ್ನ ಸ್ವಂತ ಕಾಲಿಗೆ ಹೇಳಿದ್ದು ಅದೇ ಮೊದಲು.

ಮುರ್ಡೇಶ್ವರಕ್ಕೆ ನಾವು ನಾಲ್ವರು ಹೋದೆವು. ಗಿರಿಜೆ ಬಂದದ್ದು ನಮ್ಮ ಬಟ್ಟೆ, ಪರ್ಸು ಕಾಯಲು. ಆದರೆ ದಡ ಮುಟ್ಟುವಷ್ಟರಲ್ಲಿ ಬಸುವಿನ ಹೆಂಡತಿಗೆ ನೆಗಡಿ ಹಿಡಿದಿತ್ತು. ಮೂಗು ಕಟ್ಟಿದವರನ್ನು ನೀರಿಗೆ ಇಳಿಸುವುದಿಲ್ಲ, ಕಿವಿಗೆ ಅಪಾಯ. ಒಂದು ಜಾಗ ಖಾಲಿ ಉಳಿಯಿತು.

"ನಾ ಇಳೀಲೇನು?" ಎಂದಳು ಗಿರಿಜೆ.

ನಾನು ಉದಾರವಾಗಿ ನಕ್ಕೆ. "ನಿನಗ ಈಜು ಬರೂದಿಲ್ಲ. ಫಿನ್ಸ್ ಸುದ್ದಾ ತಂದಿಲ್ಲ."

ಡೈವಿಂಗ್ ಕಲಿಸುವ ಹುಡುಗಿ ಮಂಗಳೂರು ಕಡೆಯವಳು, ಶ್ವೇತಾ ಎಂದು ಹೆಸರು. ಅವಳು ನಮ್ಮ ಮಾತು ಕೇಳಿಸಿಕೊಂಡು ಅಂದಳು: "ಈಜು ಬರಬೇಕೂಂತ ಇಲ್ಲ ಅಂಕಲ್, ನಾನು ಹಿಡ್ಕೊಂಡೇ ಇರ್ತೇನೆ. ಫಿನ್ಸ್ ಇಲ್ಲಿ ಎಲ್ಲಾ ಉಂಟು."

ನಿಜವಾಗಿಯೂ ಉಂಟು. ಒಂದು ಗೋಡೆಯುದ್ದಕ್ಕೂ ಹಳೆಯ ಕಪ್ಪು ಫಿನ್ಸುಗಳು, ಅಂಚು ಸವೆದವು, ಬಿಳಿ ಬಣ್ಣದಲ್ಲಿ ನಂಬರು ಬರೆದವು. ಮದುವೆಮನೆಯ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಹಾಗೆ ಕಂಡವು. ಬಾಡಿಗೆಯ ಪಾದರಕ್ಷೆ ಹಾಕಿಕೊಳ್ಳುವವರ ಬಗ್ಗೆ ನನಗೆ ಕನಿಕರ ಹುಟ್ಟಿತು.

ಶ್ವೇತಾ ಮೊದಲು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಫಿನ್ಸಿನ ಮೇಲಿಂದ ಹೆಬ್ಬೆರಳನ್ನು ಒತ್ತಿದಳು. ನಾನು ಹಲ್ಲು ಕಚ್ಚಿದೆ.

"ಅಂಕಲ್, ಇದು ತುಂಬಾ ಬಿಗಿ ಆಯ್ತು. ಬೆರಳು ಒಳಗೆ ಆಡಬೇಕು. ಇಲ್ಲಾಂದ್ರೆ ನೀರಿನಲ್ಲಿ ಕಾಲು ಹಿಡ್ಕೊಳ್ತದೆ."

"ತಂಗೀ, ನಂದು ಚಪ್ಪಲಿ ಅಂಗಡಿ ಐತಿ" ಎಂದೆ. "ಮೂವತ್ತೊಂದು ವರ್ಷ."

ಅವಳು ಸರಿ ಎಂದು ಎದ್ದು ಬಸುವಿನ ಹತ್ತಿರ ಹೋದಳು. ಬಸುವಿಗೂ ಆ ಉದ್ದದ್ದು ಬೇಡವೆಂದಳು. ಬಸು ಬಣ್ಣದ ಬಗ್ಗೆ ಮಾತಾಡಿದ. ಶ್ವೇತಾ ಎದ್ದು ಗಿರಿಜೆಯ ಹತ್ತಿರ ಬಂದಳು.

"ಆಂಟಿ, ನಿಮ್ಮ ಸೈಜ್ ಎಷ್ಟು?"

"ಐದು" ಎಂದಳು ಗಿರಿಜೆ.

ಶ್ವೇತಾ ಐದರದ್ದನ್ನು ತರಲಿಲ್ಲ. ಗಿರಿಜೆಯ ಪಾದವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು, ಪಕ್ಕದಲ್ಲಿ ಬಿಟ್ಟಿದ್ದ ಚಪ್ಪಲಿಯನ್ನು ನೋಡಿದಳು. ಆ ಚಪ್ಪಲಿಯ ಹಿಂದಿನ ಅಂಚು ಹಿಮ್ಮಡಿಯ ಭಾರಕ್ಕೆ ಜಜ್ಜಿ ಚಪ್ಪಟೆಯಾಗಿತ್ತು. "ಇಲ್ಲ ಆಂಟಿ, ನಿಮ್ಮದು ಏಳು. ಹಿಮ್ಮಡಿ ಒಂದು ಬೆರಳು ಹೊರಗೇ ಇರ್ತದಲ್ಲ ನಿಮಗೆ? ಇದನ್ನ ಯಾರು ಕೊಟ್ಟದ್ದು?"

ಗಿರಿಜೆ ನನ್ನ ಕಡೆ ನೋಡಲಿಲ್ಲ. "ಮನೀ ಅಂಗಡೀವು" ಎಂದಷ್ಟೇ ಹೇಳಿದಳು.

ಡೈವಿಂಗ್ ಮಾಡಿಸುವುದು ಸಮುದ್ರದ ನಡುವಿನ ಒಂದು ದ್ವೀಪದ ಹತ್ತಿರ, ದೋಣಿಯಲ್ಲಿ ಒಂದೂವರೆ ಗಂಟೆಯ ದಾರಿ. ಎಲ್ಲರೂ ಸಮುದ್ರ ನೋಡುತ್ತಿದ್ದರು, ನಾನು ಹೆಂಡತಿಯ ಪಾದ ನೋಡುತ್ತಿದ್ದೆ. ಐದು ಎನ್ನುವುದು ನಮ್ಮ ಮದುವೆಯಾದ ವರ್ಷದ ಅಳತೆ. ಹೆತ್ತ ಮೇಲೆ, ವಯಸ್ಸಾದ ಮೇಲೆ ಹೆಂಗಸರ ಪಾದ ಅಗಲವಾಗುತ್ತದೆ, ಉದ್ದವೂ ಆಗುತ್ತದೆ; ಮತ್ತೆ ಅಳೆಸಿಕೊಳ್ಳಿ ಎಂದು ಗಿರಾಕಿಗಳಿಗೆ ನಾನು ಭಾಷಣ ಮಾಡುತ್ತೇನೆ. ಅಂಗಡಿಯಲ್ಲಿ ಸದಾ ಮಾರಾಟವಾಗದೆ ಉಳಿಯುವುದು ಐದು ನಂಬರು. ಉಳಿದದ್ದು ಮನೆಗೆ ಹೋಗುತ್ತದೆ, ತರಕಾರಿ ಅಂಗಡಿಯವನ ಮನೆಗೆ ಬಾಡಿದ ಬದನೆಕಾಯಿ ಹೋದ ಹಾಗೆ. ಇದರಲ್ಲಿ ಕೆಟ್ಟ ಬುದ್ಧಿಯೇನೂ ಇರಲಿಲ್ಲ ಎಂದು ದೋಣಿಯಲ್ಲಿ ನನಗೆ ನಾನೇ ಹೇಳಿಕೊಂಡೆ. ಬುದ್ಧಿಯೇ ಇರಲಿಲ್ಲ ಎಂಬುದು ಹೆಚ್ಚು ಸರಿಯಾದೀತು.

ಮೊದಲು ನಾನೂ ಬಸುವೂ ಇಳಿದೆವು, ಒಬ್ಬೊಬ್ಬರಿಗೆ ಒಬ್ಬೊಬ್ಬ ಡೈವರು. ನೀರಿಗೆ ಇಳಿಯುವ ಮುನ್ನ ಬಸುವಿನ ಮಹಾ ಫಿನ್ಸು ದೋಣಿಯಲ್ಲಿ ತಿರುಗುವಾಗ ಇಬ್ಬರ ಬೆನ್ನಿಗೂ ಒಂದು ಚಹದ ಫ್ಲಾಸ್ಕಿಗೂ ಬಡಿದಿತ್ತು. ನೀರಿನಲ್ಲಿ ಅವನು ಸೊಂಟದಿಂದ ಕಾಲು ಬೀಸುವ ಬದಲು ಸೈಕಲ್ ತುಳಿಯತೊಡಗಿದ. ದೇವರು ಕೂಡ ಸಮುದ್ರಕ್ಕೆ ಇಳಿಯಬೇಕಾದಾಗ ಕಾಲನ್ನು ಮನೆಯಲ್ಲೇ ಬಿಟ್ಟು ಮೀನಾಗಿ ಇಳಿದ ಎನ್ನುತ್ತಾರೆ; ಅದರ ಜಾಣತನ ನನಗೆ ಆಗ ಹೊಳೆಯಿತು. ನಾಲ್ಕು ಸಲ ತುಳಿದದ್ದೇ ಬಸುವಿನ ಎಡಗಾಲಿನ ಫಿನ್ಸು ಕಳಚಿತು. ಹಿಮ್ಮಡಿಯಲ್ಲಿ ಅದು ಸಡಿಲವಿದ್ದದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ.

ನಾನು ಮುಖಕ್ಕೆ ಕಟ್ಟಿದ ಗಾಜಿನಿಂದ ಕೆಳಗೆ ನೋಡಿದೆ. ಆ ಕೆಂಪು ಅಲಗು ನಿಧಾನವಾಗಿ, ಒಣ ಎಲೆಯ ಹಾಗೆ ಅತ್ತಿತ್ತ ಓಲಾಡುತ್ತ ಇಳಿಯುತ್ತಿತ್ತು. ಸಮುದ್ರ ಎಲ್ಲ ಬಣ್ಣಗಳಿಗಿಂತ ಮೊದಲು ಕೆಂಪನ್ನು ನುಂಗುತ್ತದಂತೆ. ನನಗೆ ಗೊತ್ತಿರಲಿಲ್ಲ. ಎರಡು ಮಾರು ಇಳಿಯುವಷ್ಟರಲ್ಲಿ ಅದು ಕಂದು ಆಯಿತು, ಇನ್ನೂ ಇಳಿದು ಹಳೇ ಗೋಣಿಚೀಲದ ಬಣ್ಣ, ಆಮೇಲೆ ಕಪ್ಪು, ಆಮೇಲೆ ಇಲ್ಲ. ಬ್ಯಾಡಗಿಯ ಬಣ್ಣಕ್ಕೆ ಅಂಥ ಅವಮಾನ ಆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮನಸ್ಸಿಗೆ ಬಹಳ ಸಂತೋಷವಾಯಿತು.

ಆ ಸಂತೋಷದಲ್ಲೇ ನಾನು ಜೋರಾಗಿ ಕಾಲು ಬೀಸಿದ್ದಿರಬೇಕು. ಮೀನಖಂಡಕ್ಕೆ ಯಾರೋ ಸುತ್ತಿಗೆಯಿಂದ ಹೊಡೆದ ಹಾಗಾಯಿತು. ಪಾದ ಮೊದಲೇ ಮರಗಟ್ಟಿತ್ತು, ಈಗ ಇಡೀ ಕಾಲು ಕಟ್ಟಿಗೆಯಾಯಿತು. ಬಾಯಲ್ಲಿ ಗಾಳಿಯ ಕೊಳವೆ ಇದ್ದುದರಿಂದ ಕೂಗಲು ಆಗಲಿಲ್ಲ. ಕೂಗಲು ಆಗದ ಭಯ ಎಂಥದ್ದೆಂದು ನಾನು ನಿಮಗೆ ಹೇಳಲಾರೆ. ಆ ಕ್ಷಣದಲ್ಲಿ ನನಗೆ ಶಾಸ್ತ್ರವೂ ನೆನಪಾಗಲಿಲ್ಲ, ದೇವರೂ ನೆನಪಾಗಲಿಲ್ಲ. ಕೈಗಳನ್ನು ಬಡಿದೆ, ಉಪ್ಪುನೀರು ಕುಡಿದೆ. ನನ್ನ ಜೊತೆಗಿದ್ದ ಡೈವರು ಗಾಬರಿಯಿಲ್ಲದೆ ಬಂದು ಫಿನ್ಸಿನ ತುದಿಯನ್ನು ಹಿಡಿದು ನನ್ನ ಮೊಣಕಾಲಿನ ಕಡೆಗೆ ಎಳೆದ. ಸ್ನಾಯು ಬಿಟ್ಟುಕೊಂಡಿತು. ನನ್ನ ಕೊರಳ ಪಟ್ಟಿ ಹಿಡಿದು ದೋಣಿಗೆ ತಂದು ಹಾಕಿದರು. ಫಿನ್ಸನ್ನು ಕಾಲಿನಿಂದ ಬಿಡಿಸಲು ಇಬ್ಬರು ಬೇಕಾದರು. ಬಸು ಆಗಲೇ ಒಂಟಿ ಫಿನ್ಸನ್ನು ತೊಡೆಯ ಮೇಲಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದ.

"ಬಣ್ಣಾನೂ ಹೋತು ನೋಡ್ರಿ ಮಾವಾರ" ಎಂದ.

"ನೀ ಸುಮ್ಮನ ಕುಂದ್ರು" ಎಂದೆ. ಹೇಳಲು ಇನ್ನೂ ಬಹಳವಿತ್ತು, ಆದರೆ ವಾಂತಿ ಬಂತು.

ನಮ್ಮಿಬ್ಬರ ಈ ಸ್ಥಿತಿ ನೋಡಿದ ಮೇಲೂ ಗಿರಿಜೆ ಎದ್ದಳು. "ಬ್ಯಾಡ" ಎಂದೆ. ಖರೇ ಹೇಳುತ್ತೇನೆ, ಅದು ಅಧಿಕಾರದ ಮಾತಾಗಿರಲಿಲ್ಲ, ಭಯದ ಮಾತು. ಅವಳು ನನ್ನ ಭುಜ ಮುಟ್ಟಿ, "ಹೋಗಿ ಬರತೇನ್ರಿ" ಎಂದು, ಸಂತೆಗೆ ಹೊರಟವಳ ಹಾಗೆ ಶ್ವೇತಾಳ ಕೈ ಹಿಡಿದು ಇಳಿದಳು. ಅವಳ ಕಾಲಲ್ಲಿ ಅಂಚು ಮುರಿದ ಬಾಡಿಗೆಯ ಕಪ್ಪು ಫಿನ್ಸು. ನಾನು ದೋಣಿಯ ಅಂಚು ಹಿಡಿದು ಅವರ ಉಸಿರಿನ ಗುಳ್ಳೆಗಳನ್ನು ನೋಡುತ್ತ ಕೂತೆ. ಗುಳ್ಳೆಗಳು ಒಂದು ಕಡೆ ನಿಂತವು, ಸ್ವಲ್ಪ ಆಚೆ ಹೋದವು, ಮತ್ತೆ ನಿಂತವು. ಬಹಳ ಹೊತ್ತಾಯಿತು. ಅಷ್ಟು ಹೊತ್ತು ನಾನು ಯಾರನ್ನೂ ಹೀಯಾಳಿಸಲಿಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ಉಪವಾಸ.

ಮೇಲೆ ಬಂದಾಗ ಅವಳ ಮುಖದ ಮೇಲೆ ಗಾಜಿನ ಗುರುತು ಬಿದ್ದಿತ್ತು. ಉಸಿರು ತೆಗೆದುಕೊಂಡು ನಕ್ಕಳು.

"ಏನು ನೋಡಿದಿ?" ಎಂದೆ.

"ಒಂದು ಮೀನಾ ಇತ್ರೀ, ಹಳದಿ ಪಟ್ಟಿ ಇದ್ದದ್ದು. ನನ್ನ ಮುಖದ ಮುಂದ ಬಂದು ನಿಂತ್ಕೊಂಡು ಬಿಡ್ತು. ಹೋಗಲೇ ಇಲ್ಲ. ಅದಕ್ಕ ಏನೋ ಕೇಳೂದಿತ್ತು ಅನ್ನಸ್ತು."

"ಕಾಲು ನೋವಾಗಲಿಲ್ಲೇನು?"

ಅವಳು ಯೋಚಿಸಿದಳು. "ಕಾಲು ಅದಾವು ಅನ್ನೂದನ್ನ ಮರ್ತೇ ಬಿಟ್ಟಿದ್ದೆ" ಎಂದಳು.

ಊರಿಗೆ ಬಂದ ಮೇಲೆ ನನ್ನ ಎರಡೂ ಹೆಬ್ಬೆರಳುಗಳ ಉಗುರು ಬದನೆಕಾಯಿ ಬಣ್ಣಕ್ಕೆ ತಿರುಗಿದವು. ಅಂಗಡಿಗೆ ಬಂದವರೆಲ್ಲ ಕೇಳುತ್ತಿದ್ದರು. ಜೀವನದಲ್ಲಿ ಮೊದಲ ಸಲ ಗಿರಾಕಿಗಳು ನನ್ನ ಕಾಲು ನೋಡುತ್ತಿದ್ದರು. ಬಸು ಉಳಿದ ಒಂಟಿ ಫಿನ್ಸನ್ನು ಬ್ಯಾಡಗಿಯ ಗೋದಾಮಿನಲ್ಲಿ ಗೋಡೆಗೆ ತೂಗುಹಾಕಿ, ಸಮುದ್ರದಲ್ಲಿ ಅಲೆ ಭಯಂಕರ ಇತ್ತೆಂದು ಬಂದವರಿಗೆ ಹೇಳುತ್ತಿದ್ದಾನೆಂದು ಸುದ್ದಿ ಬಂತು. ಅಲೆ ಇರಲಿಲ್ಲ. ಆವತ್ತು ಸಮುದ್ರ ತಟ್ಟೆಯ ಹಾಗೆ ಇತ್ತು.

ಮೂರನೆಯ ದಿನ ಬೆಳಿಗ್ಗೆ ಗಿರಿಜೆ ಅಂಗಡಿಗೆ ಬಂದಳು. ಊಟದ ಡಬ್ಬಿ ತಂದಿರಬೇಕೆಂದುಕೊಂಡೆ. ಅವಳು ಗಿರಾಕಿಗಳ ಬೆಂಚಿನ ಮೇಲೆ ಕೂತು ಕಾಲು ಮುಂದೆ ಚಾಚಿದಳು. ನಾನು ಏಳು ನಂಬರಿನ ಪೆಟ್ಟಿಗೆಗಳನ್ನು ಇಳಿಸಿದೆ, ಒಳ್ಳೊಳ್ಳೆಯದನ್ನೇ. ಅವಳು ಒಂದೊಂದನ್ನೂ ಹಾಕಿಕೊಂಡು ಬಾಗಿಲವರೆಗೆ ನಡೆದು ಬರುತ್ತಿದ್ದಳು. ಒಂದರ ಪಟ್ಟಿ ಒತ್ತುತ್ತದೆ. ಒಂದು ಅಗಲ ಸಾಲದು. ಇನ್ನೊಂದು ನಡೆದರೆ ಟಪ್ ಟಪ್ ಅನ್ನುತ್ತದೆ. ಹನ್ನೊಂದು ಜೊತೆ ಬಿಚ್ಚಿ ಹರಡಿದ ಮೇಲೆ ಎದ್ದು ಸೆರಗು ಸರಿಮಾಡಿಕೊಂಡಳು.

"ನಿಮ್ಮಲ್ಲಿ ನನಗ ಬರಾಬ್ಬರಿ ಆಗೂದು ಇಲ್ರಿ" ಎಂದಳು. ಸಿಟ್ಟಿನಿಂದಲ್ಲ, ಯಾವ ಗಿರಾಕಿಯಾದರೂ ಹೇಳುವ ಹಾಗೆ. ರಸ್ತೆ ದಾಟಿ ಎದುರಿನ ಗೌಸ್ ಸಾಹೇಬರ ಅಂಗಡಿಗೆ ಹೋದಳು.

ಗೌಸ್ ಸಾಹೇಬರದ್ದೂ ಚಪ್ಪಲಿ ಅಂಗಡಿಯೇ. ನಾವಿಬ್ಬರೂ ಪರಸ್ಪರರ ಮಕ್ಕಳ ಮದುವೆಯಲ್ಲಿ ಉಂಡಿದ್ದೇವೆ, ಅಂಗಡಿ ತೆರೆದಿರುವಾಗ ಮಾತ್ರ ಮಾತಿಲ್ಲ. ನಾನು ಸ್ಟೂಲಿನ ಮೇಲೆ ಕೂತು ನೋಡಿದೆ. ಅವರು ಮೊದಲು ಬೆಚ್ಚಿದರು, ನನ್ನ ಕಡೆ ಒಮ್ಮೆ ನೋಡಿದರು, ಆಮೇಲೆ ನೆಲದ ಮೇಲೆ ಕೂತು ಅಳತೆಪಟ್ಟಿ ತೆಗೆದರು. ಸ್ವಲ್ಪ ಹೊತ್ತಿಗೆ ಗಿರಿಜೆ ಕಂದು ಬಣ್ಣದ ಒಂದು ಸಾದಾ ಜೊತೆ ಹಾಕಿಕೊಂಡು, ಹಳೆಯದನ್ನು ಅಲ್ಲೇ ಬಿಟ್ಟು, ಮನೆಯ ದಾರಿ ಹಿಡಿದಳು. ಟೆಂಪೋ, ಸೈಕಲ್, ಎತ್ತಿನ ಬಂಡಿಗಳ ನಡುವೆ ಕೆಳಗೆ ನೋಡದೆ ನಡೆಯುತ್ತಿದ್ದಳು.

ಗೌಸ್ ಸಾಹೇಬರು ಬಾಗಿಲಿಗೆ ಬಂದು ನಿಂತರು. ಏನಾದರೂ ಹೇಳಲೇಬೇಕು ಅನ್ನಿಸಿತೇನೋ, ರಸ್ತೆಯ ಆ ಕಡೆಯಿಂದಲೇ ಕೂಗಿದರು.

"ನಿಮ್ಮ ಮನಿಯವರದು ಏಳು ನಂಬರ್ ಐತ್ರಿ!"

"ಗೊತ್ತೈತ್ರಿ" ಎಂದು ನಾನೂ ಕೂಗಿದೆ.

ಗೊತ್ತಾಗಿ ಮೂರೇ ದಿನ ಆಗಿತ್ತು ಎಂಬುದನ್ನು ಪೇಟೆಗೆಲ್ಲ ಕೇಳುವ ಹಾಗೆ ಕೂಗುವ ಅಗತ್ಯ ನನಗೆ ಕಾಣಲಿಲ್ಲ.